ಮಾಡಿದವರೂ ಕೂತು ತಿನ್ನುವ ತಿಂಡಿ

ಭಾನುವಾರ ಸಂಜೆ ಗೆಳೆಯರು ಮನೆಗೆ ಬರುತ್ತಾರೆಂದರೆ ಕುಂಸಿಯಂಥ ಊರಿನಲ್ಲಿ ಸಾಮಾನ್ಯವಾಗಿ ಎರಡು ದಾರಿ. ಬಾಣಲೆಗೆ ಎಣ್ಣೆ ಇಟ್ಟು ಮೆಣಸಿನಕಾಯಿ ಬಜ್ಜಿ ಕರಿಯುವುದು, ಜೊತೆಗೊಂದಿಷ್ಟು ಖಾರ ಮಂಡಕ್ಕಿ ಕಲಸುವುದು ಒಂದು. ಶಿವಮೊಗ್ಗ–ಸಾಗರ ಹೆದ್ದಾರಿಗೆ ಬೈಕ್ ಇಳಿಸಿ, ಬೇಕರಿಯಿಂದ ಪಫ್ಸು, ಖಾರ ಬನ್ನು, ಗಾಡಿಯಿಂದ ಗೋಬಿ ಮಂಚೂರಿ ಪಾರ್ಸೆಲ್ ಕಟ್ಟಿಸಿಕೊಂಡು ಬರುವುದು ಇನ್ನೊಂದು. ಮೊದಲನೆಯದರಲ್ಲಿ ರುಚಿಗೆ ಮೋಸವಿಲ್ಲ. ಆದರೆ ಮನೆಯವರಲ್ಲಿ ಒಬ್ಬರು ಸಂಜೆಯಿಡೀ ಒಲೆ ಬಿಟ್ಟು ಕದಲುವಂತಿಲ್ಲ. ಎರಡನೆಯದರಲ್ಲಿ ಎಲ್ಲರೂ ಕೂರುತ್ತಾರೆ. ಹೊಟ್ಟೆಗೆ ಹೋಗುವುದು ಮಾತ್ರ ಮೈದಾ ಮತ್ತು ಎಣ್ಣೆ. ಗೋಬಿಯ ಕೆಂಪಿನ ಗುಟ್ಟಂತೂ 2024ರ ಮಾರ್ಚ್‌ನಲ್ಲೇ ಬಯಲಾಗಿತ್ತು. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವಂತಿಲ್ಲ ಎಂದು ರಾಜ್ಯ ಸರ್ಕಾರವೇ ಆಗ ನಿಷೇಧ ಹೇರಬೇಕಾಯಿತು.

ಮೂರನೆಯ ದಾರಿಯೊಂದಿದೆ. ಅದು ಹೊಸದೇನಲ್ಲ, ಗೆಳೆಯರ ಕೂಟಕ್ಕೆ ಯಾರೂ ಅದನ್ನು ನೆನೆಯುವುದಿಲ್ಲ, ಅಷ್ಟೆ. ಕಾಳು ಬೇಯಿಸಿ, ತರಕಾರಿಯನ್ನು ಹಬೆಯಲ್ಲಿ ಹದ ಮಾಡಿ, ಒಗ್ಗರಣೆ, ಕಾಯಿತುರಿ, ನಿಂಬೆರಸ ಬೆರೆಸಿ, ಬೆಚ್ಚಗಿರುವಾಗಲೇ ಅಗಲದ ಪಾತ್ರೆಯಲ್ಲಿ ಎಲ್ಲರ ನಡುವೆ ತಂದಿಡುವ ತರಕಾರಿ ಉಸಲಿ. ದೊಡ್ಡ ಊರಿನ ಹೋಟೆಲುಗಳ ಮೆನುವಿನಲ್ಲಿ ವಾರ್ಮ್ ಬೀನ್ ಸಲಾಡ್ ಎಂದು ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ಇದೇ. ಗೆಳೆಯರು ಸೇರಿದಾಗ ಇದಕ್ಕಿಂತ ಒಳ್ಳೆಯ ತಿಂಡಿ ಸಿಗುವುದು ಕಷ್ಟ. ಆರೋಗ್ಯದ ಮಾತು ಆಮೇಲಿರಲಿ. ಇದನ್ನು ಮಾಡಿದವರು ಬಂದವರ ಜೊತೆಯಲ್ಲೇ ಕೂತು, ಅವರು ತಿನ್ನುವಾಗಲೇ ತಿನ್ನಬಹುದು ಎನ್ನುವುದು ಮೊದಲ ಕಾರಣ.

ಇದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಸಮಯ ಬಳಕೆ ಸಮೀಕ್ಷೆಗಳ ಅಂಕಿಗಳನ್ನು ಒಮ್ಮೆ ನೋಡಬೇಕು. 2019ರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ, ಆ ಕೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷಗಳಲ್ಲಿ ಇಬ್ಬರ ಪಾಲೂ ಹತ್ತು ನಿಮಿಷದಷ್ಟು ಇಳಿಯಿತು. ನಡುವಿನ ಅಂತರ ಮಾತ್ರ 200 ನಿಮಿಷದ ಕೆಳಗೆ ಬರಲಿಲ್ಲ. ಮಿಕ್ಸಿ, ಗ್ಯಾಸು, ಕುಕ್ಕರು ಎಲ್ಲ ಬಂದ ಮೇಲಿನ ಲೆಕ್ಕ ಇದು. ಮನೆಗೆ ನಾಲ್ಕು ಜನ ಬಂದ ಸಂಜೆ ಈ ಅಂತರ ಇನ್ನೂ ಹಿಗ್ಗುತ್ತದೆಂದು ಹೇಳಲು ಸಮೀಕ್ಷೆಯೇ ಬೇಕಿಲ್ಲ.

ಇದರಲ್ಲಿ ತಿಂಡಿಯ ಸ್ವಭಾವದ ಪಾಲೂ ಇದೆ. ದೋಸೆ, ಪೂರಿ, ಬಜ್ಜಿ, ಬೋಂಡಾ ಎಲ್ಲವೂ ಬಾಣಲೆ-ಕಾವಲಿಯಿಂದ ನೇರ ತಟ್ಟೆಗೆ ಬರಬೇಕಾದವು. ಕರಿದ ಬಜ್ಜಿಯ ಒಳಗಿನ ಹಬೆ ಹೊರಬರುತ್ತ ಐದೇ ನಿಮಿಷದಲ್ಲಿ ಗರಿ ಸಿಪ್ಪೆಯನ್ನು ಮೆತ್ತಗೆ ಮಾಡಿಬಿಡುತ್ತದೆ. ಹಾಗಾಗಿ ಒಬ್ಬರು ಕರಿಯುತ್ತಲೇ ಇರಬೇಕು, ಉಳಿದವರು ತಿನ್ನುತ್ತಲೇ ಇರಬೇಕು. ‘ನೀವೂ ಬನ್ನಿ, ಕೂತ್ಕೊಳ್ಳಿ’ ಎಂದು ಗೆಳೆಯರು ಹಾಲ್‌ನಿಂದ ಕೂಗುವುದು, ‘ಇದೊಂದು ಒಬ್ಬೆ ಆಗಲಿ, ಬಂದೆ’ ಎಂದು ಅಡುಗೆಮನೆಯಿಂದ ಉತ್ತರ ಬರುವುದು ಎಲ್ಲ ಮನೆಯಲ್ಲೂ ನಡೆಯುವ ಮಾತು. ಕೊನೆಯ ಒಬ್ಬೆ ಮುಗಿಯುವ ಹೊತ್ತಿಗೆ ಮಾತೂ ಮುಗಿದಿರುತ್ತದೆ, ಚಟ್ನಿಯೂ ಮುಗಿದಿರುತ್ತದೆ.

ಉಸಲಿಗೆ ಈ ಅವಸರ ಇಲ್ಲ. ಒಲೆಯಿಂದ ಇಳಿಸಿದ ಕೂಡಲೇ ತಿಂದರೆ ಅದರ ರುಚಿ ಪೂರ್ತಿ ತಿಳಿಯುವುದೂ ಇಲ್ಲ. ಹತ್ತು-ಹದಿನೈದು ನಿಮಿಷ ಮುಚ್ಚಿಟ್ಟರೆ ಬೆಂದ ಕಾಳು ಉಪ್ಪು, ಹುಳಿ, ಒಗ್ಗರಣೆಯ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಹಾಗೆಂದು ತಣ್ಣಗಾಗಲೂ ಬಿಡಬಾರದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ; ಡಿಸೆಂಬರ್-ಜನವರಿಯ ಸಂಜೆ ಆರಿದ ಉಸಲಿಯಲ್ಲಿ ಅದು ನಾಲಿಗೆಗೆ ಮೇಣದಂತೆ ಅಂಟುತ್ತದೆ, ಇಂಗು-ಕರಿಬೇವಿನ ಪರಿಮಳವೂ ಕುಗ್ಗುತ್ತದೆ. ಬಿಸಿಗೂ ತಣ್ಣಗೂ ನಡುವಿನ ಆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಮಾಡಿದವರಿಗೆ ಒಲೆಯ ಬಳಿ ಯಾವ ಕೆಲಸವೂ ಇರುವುದಿಲ್ಲ.

ನವರಾತ್ರಿಯ ಬೊಂಬೆ ಕೂರಿಸುವ ಮನೆಗಳಿಗೆ ಇದು ಹಿಂದಿನಿಂದಲೂ ಗೊತ್ತು. ಸಂಜೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆಂಬ ಲೆಕ್ಕವಿಲ್ಲ. ಇಬ್ಬರು ಈಗ, ಐವರು ಇನ್ನೊಂದು ಗಳಿಗೆಗೆ. ಅದಕ್ಕೇ ಆ ದಿನಗಳಲ್ಲಿ ಒಂದೊಂದು ಸಂಜೆ ಒಂದೊಂದು ಕಾಳಿನ ಉಸಲಿ. ಇವತ್ತು ಕಡಲೆ, ನಾಳೆ ಹೆಸರು, ನಾಳಿದ್ದು ಅಲಸಂದೆ. ಯಾರೂ ಬರುವ ಮುಂಚೆಯೇ ಮಾಡಿ ಮುಗಿಸಿದರೆ ಮನೆಯಾಕೆ ಬಂದವರಿಗೆ ಬೊಂಬೆ ತೋರಿಸಬಹುದು, ಕೂತು ಹರಟಬಹುದು. ಕರಿದ ತಿಂಡಿ ಇಟ್ಟುಕೊಂಡು ಹೀಗೆ ಒಂಬತ್ತು ಸಂಜೆ ಕಳೆಯುವುದು ಆಗದ ಮಾತು.

ಆದರೂ ಬೊಂಬೆ ಎತ್ತಿಟ್ಟ ಮೇಲೆ ಉಸಲಿಯೂ ಮರೆಯಾಗುತ್ತದೆ. ಗಣಪತಿಗೆ, ಗೌರಿಗೆ ನೈವೇದ್ಯವಾದರೆ ಸರಿ. ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳಿದರೆ ಸರಿ. ಜಿಮ್ಮಿಗೆ ಹೋಗುವ ಹುಡುಗನ ಡಬ್ಬಿಗಾದರೂ ಸರಿ. ಗೆಳೆಯರಿಗೆ ಕೊಡುವುದೆಂದರೆ ಮಾತ್ರ ‘ಬರೀ ಕಾಳಾ?’ ಎಂಬ ಸಂಕೋಚ. ಕನ್ನಡದ ಅತಿಥಿ ಸತ್ಕಾರದ ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವುದೊಂದು ಈ ಸಂಕೋಚಕ್ಕೆ ತಿರುಗುಬಾಣವಾಗಿದೆ. ಬೇಟೆಯಲ್ಲಿ ದಾರಿ ತಪ್ಪಿ ಹಸಿದು ಬಂದ ಬಲ್ಲಾಳರಾಯನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ಬೆಂಗಳೂರಿಗೆ ಆ ಹೆಸರು ಬಂತು ಎಂಬ ಕಥೆ ಅದು. ಇತಿಹಾಸವಾಗಿ ಅದು ನಿಲ್ಲುವುದಿಲ್ಲ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲೇ ಬೆಂಗಳೂರಿನ ಹೆಸರಿದೆ, ಹೊಯ್ಸಳ ಬಲ್ಲಾಳರು ಬಂದದ್ದು ಬಹಳ ತಡವಾಗಿ. ಆದರೆ ಕಥೆ ಕಟ್ಟಿದ ಜನರಿಗೆ ದೊರೆಯ ಮುಂದೆ ಕಾಳಿಡುವುದರಲ್ಲಿ ಅವಮಾನ ಕಾಣಲಿಲ್ಲ. ಅಜ್ಜಿ ನಾಚಿಕೊಂಡಳೆಂದಾಗಲಿ, ರಾಯ ಮುಖ ಸಿಂಡರಿಸಿದನೆಂದಾಗಲಿ ಯಾರೂ ಹೇಳಿಲ್ಲ.

ದೊರೆಗಳ ಅಡುಗೆಮನೆಯೂ ಕಾಳನ್ನು ಹೊರಗಿಟ್ಟಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಬರೆಸಿದ ಸಂಸ್ಕೃತದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ ಬೇಳೆಕಾಳನ್ನು ಇಂಗು, ಅರಿಶಿನದೊಡನೆ ಸಣ್ಣ ಉರಿಯಲ್ಲಿ ಬೇಯಿಸುವ ಪಾಕಗಳಿವೆ. ಕುಂಸಿಯಿಂದ ಇದೇ ಹೆದ್ದಾರಿ ಹಿಡಿದು ಸಾಗರ ದಾಟಿದರೆ ಸಿಗುವ ಕೆಳದಿಯ ಅರಸ ಬಸವಪ್ಪನಾಯಕ ತನ್ನ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶದಲ್ಲಿ ಪಾಕಶಾಸ್ತ್ರಕ್ಕೂ ಜಾಗ ಕೊಟ್ಟಿದ್ದಾನೆ.

ಇನ್ನು ಮಾಡುವ ಬಗೆ. ಎಂಟು ಜನರಿಗೆ 300 ಗ್ರಾಂ ಒಣ ಅಲಸಂದೆ ಸಾಕು. ನೆನೆದು ಬೆಂದಾಗ ಅದು ಎರಡೂವರೆ ಪಟ್ಟು ತೂಗುತ್ತದೆ. ಹಿಂದಿನ ರಾತ್ರಿ ಧಾರಾಳ ನೀರಿನಲ್ಲಿ ಒಂದು ಚಮಚ ಉಪ್ಪು ಕದಡಿ ನೆನೆಹಾಕಬೇಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಹಳೆಯ ಮಾತು ನೆನೆಸುವ ಹಂತಕ್ಕೆ ಅನ್ವಯಿಸುವುದಿಲ್ಲ. ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಡುವುದು ಅದರ ಪೆಕ್ಟಿನ್‌ನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂತರೆ ಸಿಪ್ಪೆ ಮೆತ್ತಗಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕಾಳು ಹಟ ಹಿಡಿಯುವುದಕ್ಕೂ ಕಾರಣ ಇದೇ ಕ್ಯಾಲ್ಸಿಯಂ. ಅಂಥ ಕಡೆ ಸೋಡಾಪುಡಿಗೆ ಕೈ ಹೋಗುತ್ತದೆ. ಕಾಳು ಬೇಗ ಬೆಂದರೂ ಬಿ1 ಜೀವಸತ್ವ ನಾಶವಾಗುತ್ತದೆ, ಉಸಲಿ ಮುದ್ದೆಯಾಗುತ್ತದೆ. ಹಿಡಿದಿಟ್ಟ ಮಳೆನೀರೋ ಫಿಲ್ಟರ್ ನೀರೋ ಇದ್ದರೆ ಅದೇ ಒಳ್ಳೆಯದು.

ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಕಾಳು ತೊಳೆದು, ಹೊಸ ನೀರು ಹಾಕಬೇಕು. ನೆನೆದ ಅಲಸಂದೆಗೆ ಕುಕ್ಕರಿನಲ್ಲಿ ಒಂದು ಕೂಗು, ಹೆಚ್ಚೆಂದರೆ ಎರಡು. ಕಡಲೆಗೆ ನಾಲ್ಕೈದು ಬೇಕಾಗುತ್ತದೆ. ಬೆರಳ ನಡುವೆ ಹಿಸುಕಿದರೆ ಮಣಿಯಬೇಕು, ಆದರೆ ಆಕಾರ ಕೆಡಬಾರದು. ಹುಣಸೆ, ಟೊಮೆಟೊ, ನಿಂಬೆ ಯಾವುದೂ ಈ ಹಂತದಲ್ಲಿ ಬೇಡ. ಹುಳಿ ಬಿದ್ದ ನೀರಿನಲ್ಲಿ ಕಾಳು ಮೆತ್ತಗಾಗಲು ಸತಾಯಿಸುತ್ತದೆ.

ಒಂದು ಎಚ್ಚರಿಕೆ ರಾಜ್ಮಾ ಬಗ್ಗೆ. ಸಲಾಡಿನ ಹೆಸರಿನಲ್ಲಿ ಅದನ್ನು ಅರೆಬೇಯಿಸಿ ಹಾಕುವ ಅಭ್ಯಾಸ ಕೆಲವರಲ್ಲಿದೆ. ಹಸಿ ರಾಜ್ಮಾದಲ್ಲಿರುವ ಫೈಟೊಹೀಮಗ್ಲುಟಿನಿನ್ ಎಂಬ ವಿಷಾಂಶಕ್ಕೆ ನಾಲ್ಕೈದು ಕಾಳೂ ಸಾಕು, ಕೆಲವೇ ಗಂಟೆಗಳಲ್ಲಿ ವಾಂತಿ-ಭೇದಿ ಹಿಡಿಯುತ್ತದೆ. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಅರ್ಧ ಗಂಟೆ ಕೊತಕೊತ ಕುದಿಸಿದರೆ ಅಪಾಯವಿಲ್ಲ. ಸಣ್ಣ ಉರಿಯಲ್ಲಿ ಬರಿದೆ ಬೆಚ್ಚಗೆ ಬೇಯಿಸಿದರೆ ವಿಷ ಹೋಗುವುದಿಲ್ಲ.

ತರಕಾರಿಯನ್ನು ಕಾಳಿನ ಜೊತೆ ಕುಕ್ಕರಿಗೆ ಹಾಕುವುದು ಉಸಲಿ ಕೆಡಿಸುವ ಅತಿ ಸುಲಭದ ದಾರಿ. ಕ್ಯಾರೆಟ್, ಬೀನ್ಸು, ಸೀಮೆಬದನೆಯನ್ನು ಕಾಳಿನ ಗಾತ್ರಕ್ಕಿಂತ ತುಸು ದಪ್ಪ ಹೆಚ್ಚಿ ಹಬೆಯಲ್ಲಿ ಐದಾರು ನಿಮಿಷ ಇಟ್ಟರೆ ಬಣ್ಣ ಉಳಿಯುತ್ತದೆ, ಕಚ್ಚಿದರೆ ಕರ್ ಎನ್ನುತ್ತದೆ. ಎಲೆಕೋಸಿಗೆ ಎರಡು ನಿಮಿಷ ಸಾಕು. ಎಂಟು ಜನರಿಗೆ ಎಲ್ಲ ಸೇರಿ 600 ಗ್ರಾಂ ತರಕಾರಿ ಇರಲಿ. ಮಳೆಗಾಲದಲ್ಲಿ ಹಸಿ ತರಕಾರಿಗಿಂತ ಹಬೆಯಲ್ಲಿ ಬೆಂದದ್ದೇ ಕ್ಷೇಮ. ಬೇಸಿಗೆಯಲ್ಲಾದರೆ ಕೊನೆಗೆ ಎಳೆಸೌತೆಯ ಹೋಳು, ತುರಿದ ಕ್ಯಾರೆಟ್ ಸೇರಿಸಬಹುದು.

ಅರೆಮಲೆನಾಡಿನ ಈ ಸೀಮೆಯಲ್ಲಿ ಅಂಗಡಿಯ ಕ್ಯಾರೆಟ್ಟಿಗೇ ಕಾಯಬೇಕಿಲ್ಲ. ಹಿತ್ತಲಿನ ತೊಂಡೆಕಾಯಿ, ಎಳೆ ಅಲಸಂದೆಕಾಯಿ, ಸಿಹಿಗುಂಬಳ ಎಲ್ಲವೂ ಒಗ್ಗುತ್ತವೆ. ಬಾಳೆದಿಂಡನ್ನು ಸಣ್ಣಗೆ ಹೆಚ್ಚಿ, ನಾರು ತೆಗೆದು, ಕಪ್ಪಾಗದಂತೆ ಮಜ್ಜಿಗೆ ನೀರಿನಲ್ಲಿಟ್ಟು ಹಿಂಡಿ ಹಾಕಿದರೆ ಬೇಯಿಸುವ ಗೋಜೂ ಇಲ್ಲ. ಚಳಿಗಾಲದಲ್ಲಿ ಹಸಿ ಅವರೆಕಾಳು ಬಂದರಂತೂ ನೆನೆಸುವ ಕೆಲಸವೇ ತಪ್ಪಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುತ್ತವೆ. ಸೊಗಡಿನ ಗಿರಾಕಿಗಳು ಮಾತ್ರ ಇಬ್ಬನಿ ಬೀಳುವ ತಿಂಗಳಿಗೇ ಕಾಯುತ್ತಾರೆ.

ಒಗ್ಗರಣೆಗೆ ಮೂರು ಚಮಚ ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ, ಇಂಗು, ಕರಿಬೇವು, ಒಂದೆರಡು ಒಣಮೆಣಸಿನಕಾಯಿ. ಮನೆಯಲ್ಲಿ ಸೂಜಿಮೆಣಸು ಇದ್ದರೆ ಎರಡನ್ನು ಜಜ್ಜಿ ಹಾಕಿದರೂ ಖಾರ ಏರುತ್ತದೆ. ನೀರು ಬಸಿದ ಕಾಳು, ತರಕಾರಿ, ಉಪ್ಪು ಹಾಕಿ ಎರಡು ನಿಮಿಷ ಮಗುಚಿ ಒಲೆ ಆರಿಸಬೇಕು. ಕಾಯಿತುರಿ, ಕೊತ್ತಂಬರಿ ಸೊಪ್ಪು, ನಿಂಬೆರಸ ಬೀಳಬೇಕಾದದ್ದು ಆಮೇಲೆ. ಹಸಿ ಕಾಯಿತುರಿ ಬೇಸಿಗೆಯಲ್ಲಿ ಬೇಗ ಹಳಸುವುದರಿಂದ ಆ ದಿನಗಳಲ್ಲಿ ಬಡಿಸುವ ಮುಂಚೆ ಸೇರಿಸಿದರೆ ಸಾಕು. ಮಾಡಿದ ಎರಡು ಗಂಟೆಯೊಳಗೆ ಪಾತ್ರೆ ಖಾಲಿಯಾಗಲಿ.

ನಿಂಬೆರಸ ಕೊನೆಗೆ ಎನ್ನುವುದಕ್ಕೆ ರುಚಿಯಾಚೆಗೂ ಕಾರಣವಿದೆ. ಕಾಳಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಸಿ ಜೀವಸತ್ವ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ, ಅದು ಬಿಸಿಗೆ ಕೆಡುವಂಥದ್ದು. ಚಹಾ-ಕಾಫಿಯ ಟ್ಯಾನಿನ್‌ಗಳು ಇದಕ್ಕೆ ಅಡ್ಡ ಬರುತ್ತವೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಹಾಗಿರುವಾಗ ಉಸಲಿಯ ತಟ್ಟೆ ಜೊತೆಗೇ ಚಹಾ ಲೋಟ ಕೊಡುವ ಬದಲು ಸಾಗರದ ಕಡೆಯ ಮುರುಗಲ ಹಣ್ಣಿನ ಶರಬತ್ತು ಕೊಟ್ಟು, ಒಂದು ತಾಸು ಬಿಟ್ಟು ಚಹಾಕ್ಕೆ ಇಡುವುದು ಜಾಣತನ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದೂಟಕ್ಕೆ 400 ಗ್ರಾಂ ತರಕಾರಿ, ಬೇಳೆಕಾಳು-ಮೊಟ್ಟೆ-ಮಾಂಸದ ಗುಂಪಿನಿಂದ 85 ಗ್ರಾಂ ಇರಬೇಕೆಂದಿದೆ. ಮೇಲಿನ ಅಳತೆಯ ಒಂದು ತಟ್ಟೆಯಲ್ಲಿ 37 ಗ್ರಾಂ ಕಾಳು, 75 ಗ್ರಾಂ ತರಕಾರಿ ಸಿಗುತ್ತದೆ; ಪ್ರೋಟೀನ್ ಸುಮಾರು ಎಂಟು ಗ್ರಾಂ. ದೇಶದ ಕಾಯಿಲೆಯ ಹೊರೆಯಲ್ಲಿ ಶೇ 56.4ರಷ್ಟು ಸರಿಯಿಲ್ಲದ ಆಹಾರದಿಂದ ಬಂದದ್ದು ಎಂದು ಅಂದಾಜಿಸಿದ್ದೂ ಅದೇ ಮಾರ್ಗಸೂಚಿ. ಸಂಜೆಯ ತಿಂಡಿಯೊಂದರಿಂದ ಆ ಹೊರೆ ಇಳಿಯದು. ಆದರೆ ಮನೆಯಲ್ಲಿ ಕಟ್ಟುನಿಟ್ಟಾಗಿ ತಿನ್ನುವವರೂ ಜಾರುವುದು ನಾಲ್ಕು ಜನ ಸೇರಿದಾಗಲೇ.

ಎರಡು ಆಕ್ಷೇಪ ಬಂದೇ ಬರುತ್ತವೆ. ಒಂದು, ಕಾಳು ವಾಯು. ಸುಳ್ಳಲ್ಲ. ಕಾಳಿನಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರಿಗಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಆ ಕೆಲಸ ಮಾಡುವಾಗ ಅನಿಲ ಹುಟ್ಟುತ್ತದೆ. ನೆನೆಸಿದ ನೀರು ಚೆಲ್ಲಿದರೆ ಅದರಲ್ಲಿ ಒಂದಷ್ಟು ಹೋಗುತ್ತದೆ, ಮೊಳಕೆ ಬರಿಸಿದರೆ ಇನ್ನಷ್ಟು. ಕಾಳು ತಿಂದು ರೂಢಿ ಇಲ್ಲದವರು ಮೊದಮೊದಲು ಸ್ವಲ್ಪವೇ ಬಡಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು, ಬಂದವರಿಗೆ ಇಷ್ಟೇನಾ ಎಂಬ ಮರ್ಯಾದೆಯ ಪ್ರಶ್ನೆ. ಅದಕ್ಕೆ ಮಂಡಕ್ಕಿಯೇ ಉತ್ತರ ಕೊಡಬಲ್ಲದು: ಗರಿಗರಿ ಮಂಡಕ್ಕಿಯನ್ನು ತಟ್ಟೆಯ ಮೇಲೆ ಉದುರಿಸಿದರೆ ಮಿರ್ಚಿ ಪ್ರಿಯರೂ ಎರಡನೆಯ ಬಾರಿ ಬಡಿಸಿಕೊಳ್ಳುತ್ತಾರೆ. ರಾತ್ರಿಯೂಟವೇ ಆಗಬೇಕೆಂದರೆ ಜೊತೆಗೆ ಅಕ್ಕಿರೊಟ್ಟಿ ಇದೆ. ಆದರೆ ರೊಟ್ಟಿ ತಟ್ಟುವವರು ಮತ್ತೆ ಒಲೆಯ ಮುಂದೆ ನಿಲ್ಲುತ್ತಾರೆ ಎನ್ನುವುದು ನೆನಪಿರಲಿ.

ಮಾಡಿದವರೂ ಜೊತೆಗೆ ಕೂತು ತಿನ್ನುವ ವಿಷಯದಲ್ಲಿ ಮಲೆನಾಡಿನ ದೊಡ್ಡ ಹಬ್ಬವೊಂದು ಎರಡೂ ಮುಖ ತೋರಿಸುತ್ತದೆ. ಆಶ್ವೀಜದ ಹುಣ್ಣಿಮೆಯಂದು, ತೆನೆಗಟ್ಟುವ ಭೂಮಿಗೆ ಬಯಕೆ ತೀರಿಸುವ ಭೂಮಿ ಹುಣ್ಣಿಮೆಯಲ್ಲಿ ಬಗೆಬಗೆಯ ಸೊಪ್ಪು-ತರಕಾರಿ ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ಗದ್ದೆಗೆ ಒಯ್ದು ಬೀರುತ್ತಾರೆ. ಪೂಜೆಯಾದ ಮೇಲೆ ಮನೆಮಂದಿಯೆಲ್ಲ ಹೊಲದಲ್ಲೇ ಕೂತು ಒಟ್ಟಿಗೆ ಉಣ್ಣುತ್ತಾರೆ, ಅಡುಗೆ ಮಾಡಿದವರೂ ಸೇರಿ. ಅಷ್ಟರಮಟ್ಟಿಗೆ ಚೆಂದ. ಆದರೆ ಅದರ ಹಿಂದಿನ ರಾತ್ರಿಯಿಡೀ ಎಚ್ಚರವಿದ್ದು ಅಷ್ಟೂ ಅಡುಗೆ ಮಾಡಿದವರು ಹೆಂಗಸರೇ. ಒಟ್ಟಿಗೆ ಉಣ್ಣುವುದು ರೂಢಿಯಲ್ಲಿದೆ, ಒಟ್ಟಿಗೆ ಹೆಚ್ಚುವುದು ಇನ್ನೂ ಬಂದಿಲ್ಲ.

ಗೆಳೆಯರ ಕೂಟದಲ್ಲಿ ಅದನ್ನು ತರುವುದು ಸುಲಭ, ಏಕೆಂದರೆ ಅಲ್ಲಿ ಮಡಿ-ಶಾಸ್ತ್ರದ ತಕರಾರಿಲ್ಲ. ತರಕಾರಿ ಹೆಚ್ಚುವುದನ್ನು ಬೇಕೆಂದೇ ಉಳಿಸಿಕೊಂಡು, ಬಂದವರ ಮುಂದೆ ಎರಡು ಚಾಕು, ಒಂದು ಈಳಿಗೆಮಣೆ ಇಟ್ಟರಾಯಿತು. ಒಬ್ಬರು ಕಾಯಿ ತುರಿಯಲಿ, ಒಬ್ಬರು ಬೀನ್ಸಿನ ನಾರು ತೆಗೆಯಲಿ. ಮಾತು ತಾನಾಗಿ ಕುದುರುತ್ತದೆ. ಶಿವಮೊಗ್ಗದಿಂದ ಬರುವವರಿಗೆ ಆಯನೂರಿನಲ್ಲಿ ಒಂದು ಕಟ್ಟು ಕೊತ್ತಂಬರಿ ತರಲು, ಸಾಗರದಿಂದ ಬರುವವರಿಗೆ ಆನಂದಪುರದಲ್ಲಿ ನಾಲ್ಕು ನಿಂಬೆಹಣ್ಣು ಕೊಳ್ಳಲು ಫೋನಿನಲ್ಲೇ ಹೇಳಿಬಿಡಬಹುದು. ಸ್ವೀಟ್ ಬಾಕ್ಸ್ ಹಿಡಿದು ಬರುವ ಉಪಚಾರಕ್ಕಿಂತ ಇದು ಕೆಲಸಕ್ಕೆ ಬರುತ್ತದೆ.

ಕಾಳನ್ನೂ ಹತ್ತಿರದಲ್ಲೇ ಹುಡುಕಬಹುದು. ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಅಲಸಂದೆ, ಹೆಸರು, ಉದ್ದು ಬಿತ್ತುವ ಪದ್ಧತಿ ಇಲ್ಲಿನ ರೈತರಿಗೆ ಗೊತ್ತಿರುವುದೇ. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅಡಿಕೆ, ಶುಂಠಿ, ಮುಸುಕಿನ ಜೋಳ ಹರಡಿದಂತೆ ಕಾಳಿನ ಜಾಗ ಕಿರಿದಾಯಿತು. ಅತ್ತ ಜಗತ್ತಿನಲ್ಲೇ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ದೇಶವೇ ಕೆನಡಾ, ರಷ್ಯಾ, ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಕೊಳ್ಳುತ್ತಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ ಆರು ವರ್ಷಗಳ ಬೇಳೆಕಾಳು ಸ್ವಾವಲಂಬನೆ ಯೋಜನೆಯ ಗಮನ ತೊಗರಿ, ಉದ್ದು, ಮಸೂರದ ಮೇಲೆ. ಅಲಸಂದೆ, ಅವರೆ, ಹುರುಳಿಗೆ ಬೇಡಿಕೆ ಹುಟ್ಟಬೇಕಾದದ್ದು ಅವನ್ನು ತಿನ್ನುವ ಮನೆಗಳಿಂದಲೇ. ಹೊಸ ಕಾಳಿಗೆ ಇನ್ನೊಂದು ಗುಣವೂ ಇದೆ: ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಕಾಳಿನಂತೆ ಅದು ಬೇಯಲು ಹಟ ಹಿಡಿಯುವುದಿಲ್ಲ.

ಉಳಿದದ್ದು ಹಿಂದಿನ ರಾತ್ರಿಯ ಕೆಲಸ. ಕಾಳು ನೆನೆಹಾಕಲು ಅಡುಗೆ ಬರಬೇಕೆಂದಿಲ್ಲ. ‘ಭಾನುವಾರ ಮನೆಗೆ ಬನ್ನಿ’ ಎಂದು ಗೆಳೆಯರಿಗೆ ಫೋನು ಮಾಡಿದ ಯಜಮಾನರು ಫೋನು ಕೆಳಗಿಟ್ಟ ಮೇಲೆ ಅದನ್ನು ಮಾಡಬಹುದು. ಬಸಿದ ಕಟ್ಟನ್ನು ಚೆಲ್ಲದೆ ಹುಣಸೆಹುಳಿ, ಸಾರಿನಪುಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ರಾತ್ರಿಗೆ ಕಟ್ಟಿನ ಸಾರಾಗುತ್ತದೆ. ಅನ್ನಕ್ಕೆ ಇಡುವುದನ್ನು, ಆಮೇಲೆ ಪಾತ್ರೆ ತೊಳೆಯುವುದನ್ನು ಬಂದವರಲ್ಲಿ ಇಬ್ಬರು ಹಂಚಿಕೊಂಡರೆ ಒಂಬತ್ತು ಗಂಟೆಯ ಬಸ್ಸಿಗೂ ತಡವಾಗುವುದಿಲ್ಲ.